ಕರೆಂಟಿಲ್ಲದ ಹೊಲದ ಮನೆಗೆ ಪೇಟೆಯ ನಾಯಿಯನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆವು. ಈಗ ಬಿಟ್ಟಿದ್ದೇವೆ. ಮಧುಗಿರಿ ತಾಲ್ಲೂಕು ಕೊಡಿಗೇನಹಳ್ಳಿ ಹೋಬಳಿಯಲ್ಲಿ ನಮ್ಮ ಮಾವನವರ ಮೂರು ಎಕರೆ ಹೊಲ ಇದೆ. ಊರಿಂದ ಒಂದೂವರೆ ಕಿಲೋಮೀಟರ್ ಆಚೆ, ಗುಡ್ಡದ ಬುಡದಲ್ಲಿ. ಅಲ್ಲೊಂದು ಶೀಟಿನ ಮನೆ ಕಟ್ಟಿಸಿದ್ದೇವೆ. ಕರೆಂಟ್ ಲೈನ್ ಎಳೆಸಿಲ್ಲ, ಎಳೆಸುವ ಮನಸ್ಸೂ ಇಲ್ಲ. 335 ವ್ಯಾಟ್‌ನ ಎರಡು ಸೋಲಾರ್ ಪ್ಯಾನೆಲ್, 150 ಎಎಚ್‌ನ ಎರಡು ಬ್ಯಾಟರಿ ಹಾಕಿಸಿದ್ದೇವೆ. ಒಂದು ಬೋರ್‌ವೆಲ್, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದೆ. ಹಾಯಿದೋಣಿಯಲ್ಲೇ ಸಂಸಾರ ಹೂಡಿ, ಜೊತೆಗೆ ನಾಯಿಯನ್ನೂ ಇಟ್ಟುಕೊಂಡು ಸಮುದ್ರ ಸುತ್ತುವವರ ವಿಡಿಯೋ ನೋಡಿ ನೋಡಿ ಈ ಆಸೆ ಹುಟ್ಟಿದ್ದು. ನಮಗೆ ಸಮುದ್ರ ಇಲ್ಲ, ಹೊಲ ಇದೆ. ಅವರ ಹಾಗೆ ಯಾರ ಹಂಗೂ ಇಲ್ಲದೆ ಇರೋಣ ಅಂತ.

ನಮ್ಮ ಕೆಂಚ ಲ್ಯಾಬ್ರಡಾರ್. ಆರು ವರ್ಷ, 38 ಕಿಲೋ. ಮರಿಯಿಂದಲೂ ಅಪಾರ್ಟ್‌ಮೆಂಟಿನಲ್ಲೇ ಬೆಳೆದವನು. ಯುಗಾದಿ ಕಳೆದ ಮೇಲೆ ಹೋಗೋಣ ಅಂತಿದ್ದೇವೆ. ಆದರೆ ಎಲ್ಲರೂ ಹೆದರಿಸುತ್ತಿದ್ದಾರೆ. ‘ವಾರದಲ್ಲಿ ಚಿರತೆ ಎತ್ತಿಕೊಂಡು ಹೋಗುತ್ತೆ’ ಅಂತಾರೆ ಊರವರು. ತುಮಕೂರಿನಲ್ಲಿರುವ ನಮ್ಮತ್ತೆ ‘ಅವನನ್ನ ನನ್ನ ಹತ್ರ ಬಿಡಿ’ ಅಂತಾರೆ. ಯಜಮಾನರ ಚಿಕ್ಕಪ್ಪ ‘ಇವನನ್ನ ಯಾರಿಗಾದ್ರೂ ಕೊಟ್ಟು ಒಂದು ಮುಧೋಳ ನಾಯಿ ತನ್ನಿ, ಕಾವಲಿಗೂ ಆಯ್ತು’ ಅಂತಾರೆ. ನಮ್ಮ ಯಜಮಾನರು ಮಾತ್ರ ‘ಹಳ್ಳಿ ಗಾಳಿಗೆ ಗಟ್ಟಿಯಾಗ್ತಾನೆ, ಇಂಜೆಕ್ಷನ್ ಗಿಂಜೆಕ್ಷನ್ ಎಲ್ಲ ಪೇಟೆ ನಾಯಿಗೆ’ ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ: ಕೆಂಚನನ್ನು ಕರೆದುಕೊಂಡು ಹೋಗಬಹುದು. ಯಾರಿಗೂ ಕೊಡಬೇಕಾಗಿಲ್ಲ. ಆದರೆ ಯುಗಾದಿ ಕಳೆದ ಮೇಲೆ ಬೇಡ, ದೀಪಾವಳಿ ಕಳೆದ ಮೇಲೆ ಹೋಗಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಚಿರತೆಯಲ್ಲ. ಶೀಟಿನ ಮನೆ, 38 ಕಿಲೋ ತೂಕ, ಯುಗಾದಿ ಈ ಮೂರೂ ಒಟ್ಟಿಗೆ ಬಂದದ್ದು. ಆಮೇಲೆ ಆ ಪ್ಲಾಸ್ಟಿಕ್ ಹೊಂಡ.

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ನಮ್ಮ ಆಸೆಗೆ ಬಾಯಿಲ್ಲದ ಜೀವವನ್ನು ಬಲಿ ಕೊಡುತ್ತಿದ್ದೇವಾ ಅನ್ನುವುದು ನಿಮ್ಮ ನಿಜವಾದ ಪ್ರಶ್ನೆ, ಅಲ್ವಾ? ನಾಯಿಯ ಕಡೆಯಿಂದ ನೋಡಿದರೆ ಇಬ್ಬರೂ ದಿನವಿಡೀ ಜೊತೆಯಲ್ಲಿರುವುದು ದೊಡ್ಡ ಭಾಗ್ಯ. ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿ ಬಾಗಿಲು ಕಾಯುವುದಕ್ಕಿಂತ ಅದು ಎಷ್ಟೋ ಮೇಲು. ತೊಂದರೆ ಬರುವುದು ಬೇರೆ ಕಡೆಯಿಂದ. ಬೆಂಗಳೂರಿನಲ್ಲಿ ಏನಾದರೂ ಆದರೆ ಹತ್ತು ನಿಮಿಷದಲ್ಲಿ ಕ್ಲಿನಿಕ್ ಸಿಗುತ್ತದೆ. ಹೊಲದ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ಮೊದಲ ಒಂದು ಗಂಟೆ ನೀವೇ ಡಾಕ್ಟರು.

ಹಾಯಿದೋಣಿಯವರ ಮಾತೆತ್ತಿದಿರಿ. ಅವರಿಂದ ಕಲಿಯುವುದು ಇದನ್ನೇ. ದೋಣಿಯಲ್ಲಿರುವವರಿಗೆ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಸಿಹಿನೀರು ಉಳಿದಿದೆ, ಬ್ಯಾಟರಿ ಎಷ್ಟಿದೆ ಅನ್ನುವುದು ಸದಾ ಗೊತ್ತಿರುತ್ತದೆ. ನಾಯಿಗೆ ಮೇಲೆ ಹಿಡಿ ಇರುವ ಲೈಫ್ ಜಾಕೆಟ್ ಹಾಕಿರುತ್ತಾರೆ. ನೀರಿಗೆ ಬಿದ್ದರೆ ಹಿಡಿ ಹಿಡಿದು ಮೇಲೆತ್ತುವುದಕ್ಕೆ. ದಡ ಸಿಗಲು ದಿನಗಟ್ಟಲೆ ಬೇಕು ಅಂತ ಗೊತ್ತಿದ್ದೇ ಹೊರಡುವ ಮುಂಚೆ ಔಷಧಿ ಪೆಟ್ಟಿಗೆ ತುಂಬಿಸಿಕೊಳ್ಳುತ್ತಾರೆ. ವಿಡಿಯೋದಲ್ಲಿ ಸೂರ್ಯಾಸ್ತ ಕಾಣುತ್ತದೆ, ಈ ಲೆಕ್ಕಾಚಾರ ಅಷ್ಟಾಗಿ ಕಾಣುವುದಿಲ್ಲ.

ಬಿಸಿಲಿನಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಬೇಸಿಗೆಯಲ್ಲಿ ನಾಯಿಗಳನ್ನು ಇಷ್ಟು ಬೇಗ ಕೊಲ್ಲುವುದು ಇನ್ನೊಂದಿಲ್ಲ. ಮಧುಗಿರಿ, ಪಾವಗಡ ಕಡೆ ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ನಿಮ್ಮ ಮಾವನವರನ್ನೇ ಕೇಳಿ. ಬಂಡೆ ಕಾದು ಸಂಜೆ ಏಳರವರೆಗೂ ಬಿಸಿ ಉಗುಳುತ್ತಿರುತ್ತದೆ. ಗುಡ್ಡದ ಬುಡದ ಮನೆಗೆ ಅದರ ಪಾಲು ಜಾಸ್ತಿ. ಶೀಟಿನ ಮನೆಯೊಳಗೆ ಮಧ್ಯಾಹ್ನ ಮೂರು ಗಂಟೆಗೆ ಹೊರಗಿನ ನೆರಳಿಗಿಂತ ಹೆಚ್ಚು ಸೆಕೆ ಇರುತ್ತದೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಚೂರು ಬೆವರುತ್ತದೆ, ಅಷ್ಟೇ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹಾಗಾಗಿ ‘ಫ್ಯಾನ್ ಹಾಕಿದ್ದೇವಲ್ಲ’ ಅನ್ನುವ ಸಮಾಧಾನ ಸಾಲದು. ಫ್ಯಾನ್ ಗಾಳಿ ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ನಾಯಿಯ ಹೊಟ್ಟೆ, ತೊಡೆಸಂದು, ಕಾಲುಗಳನ್ನು ಒದ್ದೆ ಮಾಡಿ ಆಮೇಲೆ ಫ್ಯಾನ್ ಹಾಕಿದರೆ ಅದಕ್ಕೂ ಆ ತಂಪು ಸಿಗುತ್ತದೆ. ಇನ್ನು ಕೆಲವರು ಬೇಸಿಗೆ ಬಂತು ಅಂತ ಲ್ಯಾಬ್ರಡಾರ್‌ನ ಕೂದಲು ಬೋಳಿಸುತ್ತಾರೆ. ಬೇಡ. ಆ ಕೂದಲೇ ಬಿಸಿಲು ಚರ್ಮಕ್ಕೆ ನೇರವಾಗಿ ತಾಗದಂತೆ ತಡೆಯುವುದು. ಬಾಚಿ ಉದುರುವ ಕೂದಲು ತೆಗೆದರೆ ಸಾಕು.

ಗಂಡು ಲ್ಯಾಬ್ರಡಾರ್‌ಗೆ 29ರಿಂದ 36 ಕಿಲೋ ಸರಿಯಾದ ತೂಕ. ನಿಮ್ಮ ಕೆಂಚ ಹೆಚ್ಚಿದ್ದಾನೆ. ಮೈಮೇಲಿನ ಕೊಬ್ಬು ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬೆಂಗಳೂರಿನ ಹವೆಯಲ್ಲಿ ಅದು ಗೊತ್ತಾಗದೆ ನಡೆದುಹೋಗಿದೆ. ಮಧುಗಿರಿಯಲ್ಲಿ ನಡೆಯುವುದಿಲ್ಲ. ತಿಂಗಳಿಗೆ ಒಂದು ಕಿಲೋದಂತೆ ಇಳಿಸಿದರೆ ದೀಪಾವಳಿ ಹೊತ್ತಿಗೆ 32ಕ್ಕೆ ಬರುತ್ತಾನೆ. ದೀಪಾವಳಿ ಅಂತ ನಾನು ಹೇಳಿದ್ದಕ್ಕೆ ಇದು ಒಂದು ಕಾರಣ. ಇನ್ನೊಂದು, ನವೆಂಬರ್‌ನಲ್ಲಿ ಹೋದರೆ ನಾಲ್ಕು ತಿಂಗಳು ಚಳಿ, ಎಳೆಬಿಸಿಲು ಸಿಗುತ್ತದೆ. ದಿನದಿನಕ್ಕೂ ಒಂದಿಷ್ಟು ಬಿಸಿಲು ಏರುತ್ತಾ ಹೋದರೆ ಅವನ ಮೈ ಒಗ್ಗಿಕೊಳ್ಳುತ್ತದೆ. ಏಕಾಏಕಿ ಏಪ್ರಿಲ್‌ನಲ್ಲಿ ಇಳಿಸಿದರೆ ಆ ಅವಕಾಶವೇ ಇರುವುದಿಲ್ಲ.

ಅಷ್ಟರೊಳಗೆ ಮನೆಗೂ ಕೆಲಸ ಇದೆ. ಶೀಟಿನ ಮೇಲೆ ದಪ್ಪಗೆ ತೆಂಗಿನ ಗರಿ ಹೊದಿಸಿ, ಇಲ್ಲವೇ ಬಿಳಿ ಬಣ್ಣ ಬಳಿಸಿ. ಒಳಗೆ ಸೀಲಿಂಗ್ ಹಾಕಿಸಿದರೆ ಇನ್ನೂ ಒಳ್ಳೆಯದು. ಒಂದು ಕೋಣೆಗಾದರೂ ಕಡಪ ಕಲ್ಲು ಹಾಸಿಸಿ. ನಾಯಿ ಹೊಟ್ಟೆ ಅಂಟಿಸಿ ಮಲಗುವುದು ಅಲ್ಲೇ. ಹೊರಗೆ ಹೊಂಗೆ ಮರ ಇದ್ದರೆ ಅದರ ನೆರಳಿಗೆ ಸಮ ಇನ್ನೊಂದಿಲ್ಲ.

ಸೋಲಾರ್ ನನ್ನ ಕಸುಬಲ್ಲ. ಆದರೂ ನಾಯಿಗೆ ಬೇಕಾದ ಲೆಕ್ಕ ಹೇಳಬಲ್ಲೆ. ನಿಮ್ಮ ಎರಡು ಪ್ಯಾನೆಲ್ ಒಳ್ಳೆ ಬಿಸಿಲಿದ್ದ ದಿನ ಹತ್ತಿರ ಹತ್ತಿರ ಮೂರು ಯೂನಿಟ್ ಕೊಡುತ್ತವೆ. ಬ್ಯಾಟರಿ ಎರಡೂ 12 ವೋಲ್ಟಿನ ಲೆಡ್ ಆಸಿಡ್ ಆಗಿದ್ದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ರಾತ್ರಿಗೆ ಕೈಗೆ ಸಿಗುವುದು 1.8 ಯೂನಿಟ್. ಹಳೇ ಕಾಲದ 75 ವ್ಯಾಟ್ ಫ್ಯಾನ್ ಬಿಟ್ಟು ಕಮ್ಮಿ ಕರೆಂಟ್ ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಹಾಕಿಸಿ. 24 ಗಂಟೆ ತಿರುಗಿದರೂ ಮುಕ್ಕಾಲು ಯೂನಿಟ್ ದಾಟುವುದಿಲ್ಲ. ನಿಮಗೊಂದು, ಕೆಂಚನಿಗೊಂದು ಧಾರಾಳವಾಗಿ ನಡೆಯುತ್ತದೆ. ಜೊತೆಗೆ ಫ್ರಿಜ್ ಇಟ್ಟರೆ ಮೋಡದ ದಿನಗಳಲ್ಲಿ ಬಿಗಿಯಾಗುತ್ತದೆ. ಆಗ ಮೊದಲು ಆರಿಸುವುದು ಫ್ರಿಜ್ಜನ್ನು, ಫ್ಯಾನನ್ನಲ್ಲ.

ಏನೇ ಮಾಡಿದರೂ ಒಂದು ದಿನ ಅವನಿಗೆ ಬಿಸಿಲು ಬಡಿಯಬಹುದು. ಗುರುತು ಹೇಳುತ್ತೇನೆ. ನಿಲ್ಲದ ಏದುಸಿರು, ಅಂಟಂಟಾದ ಜೊಲ್ಲು, ಇಟ್ಟಿಗೆ ಬಣ್ಣಕ್ಕೆ ತಿರುಗಿದ ಒಸಡು, ತೂರಾಡುವ ನಡಿಗೆ, ವಾಂತಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 105 ಮುಟ್ಟಿದರೆ ಪ್ರಾಣಕ್ಕೆ ಅಪಾಯ. ಆಗ ಕಾರಿನ ಕೀಲಿ ಹುಡುಕುವುದಕ್ಕಿಂತ ಮುಂಚೆ ಬಕೆಟ್ ಹುಡುಕಿ. ಸಿಕ್ಕ ನೀರನ್ನು ಮೈಮೇಲೆ ಸುರಿಯಿರಿ, ಗಾಳಿ ಬೀಸಿ. ತಣ್ಣೀರು ಹಾಕಿದರೆ ನಾಯಿಗೆ ಆಘಾತ ಆಗುತ್ತದೆ ಅನ್ನುವುದನ್ನು ನಂಬಿ ಕಾಯುತ್ತಾ ಕೂರಬೇಡಿ. ಕಾಯುವುದೇ ಕೊಲ್ಲುವುದು. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. 103.5ಕ್ಕೆ ಇಳಿದ ಮೇಲೆ ನೀರು ಸುರಿಯುವುದು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಚೇತರಿಸಿಕೊಂಡ ಹಾಗೆ ಕಂಡರೂ ಹೊರಡಲೇಬೇಕು. ಮೂತ್ರಪಿಂಡ, ಕರುಳಿಗೆ ಆದ ಪೆಟ್ಟು ಮಾರನೇ ದಿನ ಕಾಣಿಸಿಕೊಳ್ಳುತ್ತದೆ.

ಈಗ ಚಿರತೆ. ನಮ್ಮ ಕಡೆ ಎರಡು ಮಾತು ಓಡಾಡುತ್ತವೆ. ಒಂದು, ಮನುಷ್ಯರಿರುವ ಕಡೆ ಚಿರತೆ ಬರಲ್ಲ ಅನ್ನುವುದು. ಇನ್ನೊಂದು, ಚಿರತೆ ಇರುವ ಕಡೆ ನಾಯಿ ಉಳಿಯಲ್ಲ ಅನ್ನುವುದು. ಎರಡೂ ತಪ್ಪು. ತುಮಕೂರು ಜಿಲ್ಲೆಯ ಬಂಡೆಗುಡ್ಡಗಳಲ್ಲಿ ಚಿರತೆ ಇದೆ, ಅದು ರಾತ್ರಿ ಊರಂಚಿಗೆ ಬರುತ್ತದೆ, ನಾಯಿ ಅದಕ್ಕೆ ಸುಲಭದ ಊಟ. ಆದರೆ ಚಿರತೆ ಎತ್ತಿಕೊಂಡು ಹೋದ ನಾಯಿಗಳ ಬಗ್ಗೆ ವಿಚಾರಿಸಿ ನೋಡಿ. ಹೆಚ್ಚಿನವು ರಾತ್ರಿ ಅಂಗಳದಲ್ಲಿ ಇದ್ದವು, ಅದರಲ್ಲೂ ಸರಪಳಿಯಲ್ಲಿ ಕಟ್ಟಿದ್ದವು. ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ. ಬಾಗಿಲು ಹಾಕಿದ ಮನೆಯೊಳಗೆ ಮಲಗಿದ ನಾಯಿಯ ಗೊಡವೆಗೆ ಚಿರತೆ ಬರುವುದು ತೀರಾ ಅಪರೂಪ.

ಆದ್ದರಿಂದ ನಿಯಮ ಒಂದೇ. ಕತ್ತಲಾದ ಮೇಲೆ ಕೆಂಚ ಮನೆಯೊಳಗೆ. ಸೆಕೆ ಅಂತ ಬಾಗಿಲು ತೆರೆದು ಮಲಗುವ ಹಾಗಿಲ್ಲ. ಕಿಟಕಿಗೆ ಗಟ್ಟಿ ಜಾಲರಿ ಹಾಕಿಸಿ ತೆರೆದಿಡಿ. ಜಗುಲಿಯಲ್ಲಿ ಮಲಗಿಸಲೇಬೇಕು ಅಂದರೆ ನಾಲ್ಕೂ ಕಡೆ ಮತ್ತು ಮೇಲೆ ವೆಲ್ಡ್ ಮೆಷ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಹೊಡೆಸಿದ ಗೂಡು ಬೇಕು. ಮೇಲ್ಭಾಗ ತೆರೆದಿದ್ದರೆ ಗೂಡಿಗೆ ಅರ್ಥವಿಲ್ಲ, ಚಿರತೆ ಗೋಡೆ ಹತ್ತುತ್ತದೆ. ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಮುಳ್ಳಿನ ಪಟ್ಟಿ ಹಾಕುವುದು ನೋಡಿರಬಹುದು. ಅದು ಮೊದಲ ಕಚ್ಚನ್ನು ತಡೆಯಬಲ್ಲದು. ಆದರೆ ಅವರ ಬಳಿ ಮೂರು ನಾಲ್ಕು ನಾಯಿ ಇರುತ್ತವೆ, ಮಂದೆಯ ಪಕ್ಕದಲ್ಲೇ ಮನುಷ್ಯರೂ ಮಲಗಿರುತ್ತಾರೆ. ಒಂಟಿ ಲ್ಯಾಬ್ರಡಾರ್‌ನನ್ನು ಪಟ್ಟಿ ನಂಬಿ ಹೊರಗೆ ಬಿಡಬೇಡಿ.

ಚಿಕ್ಕಪ್ಪನವರು ಕಾವಲಿನ ಮಾತಾಡಿದ್ದಾರೆ. ಕೆಂಚ ಒಳಗಿದ್ದೇ ಬೊಗಳುತ್ತಾನೆ. ಯಾರೋ ಬಂದರು ಅಂತ ನಿಮಗೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಿನ ಕಾವಲನ್ನು ಅವನಿಂದ ಕೇಳಬೇಡಿ.

ಇಲ್ಲೊಂದು ಸಣ್ಣ ವಿಷಯ ಎಲ್ಲರೂ ಮರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ನಾಯಿಗೆ ಉಚ್ಚೆ ಬಂದರೆ? ನಿದ್ದೆಗಣ್ಣಲ್ಲಿ ಬಾಗಿಲು ತೆಗೆದು ಬಿಡುತ್ತೀರಿ. ಚಿರತೆಗೂ ಹಾವಿಗೂ ಸಿಕ್ಕುವುದು ಆ ಐದು ನಿಮಿಷದಲ್ಲಿ. ದೋಣಿಯವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಡೆಕ್ ಮೇಲೆ ಹುಲ್ಲಿನಂಥ ಮ್ಯಾಟ್ ಹಾಸಿ, ಅಲ್ಲೇ ಹೋಗುವುದನ್ನು ನಾಯಿಗೆ ಕಲಿಸುತ್ತಾರೆ. ನೀವೂ ಬೆಂಗಳೂರಿನಲ್ಲೇ, ಬಾಲ್ಕನಿಯಲ್ಲಿ, ಈಗಿಂದಲೇ ಕಲಿಸಿ. ಅವನು ದಿನಾ ಮೂಸಿ ಉಚ್ಚೆ ಹೊಯ್ಯುವ ಜಾಗದ ಒಂದಿಷ್ಟು ಮಣ್ಣನ್ನು ಮ್ಯಾಟ್ ಮೇಲೆ ಹಾಕಿ, ಬೆಳಗಿನ ಮೊದಲ ಸಲ ಅಲ್ಲಿಗೇ ಕರೆದುಕೊಂಡು ಹೋಗಿ, ಮಾಡಿದ ತಕ್ಷಣ ತಿಂಡಿ ಕೊಡಿ. ದೊಡ್ಡ ನಾಯಿ ಕಲಿಯಲು ವಾರಗಳು ಹಿಡಿಯುತ್ತವೆ. ಆದರೂ ಕಲಿಯುತ್ತದೆ. ಹೊಲದ ಮನೆಯ ಬಚ್ಚಲಲ್ಲಿ ಅದೇ ಮ್ಯಾಟ್ ಹಾಸಿದರೆ ರಾತ್ರಿ ಬಾಗಿಲು ತೆಗೆಯುವ ಪ್ರಮೇಯವೇ ಇರುವುದಿಲ್ಲ.

ಬೆಳಗಿನ ವಾಕಿಂಗ್ ಕೂಡ ಬಿಸಿಲು ಮೂಡಿದ ಮೇಲೆ, ಹಗ್ಗದಲ್ಲಿ. ನಸುಕಿನಲ್ಲಿ ಗುಡ್ಡದ ಕಡೆಗೆ ಹೋಗಬೇಡಿ. ಕರಡಿ ಬಂಡೆಗೆ ವಾಪಸಾಗುವ ಹೊತ್ತು ಅದು. ಬಿಟ್ಟ ನಾಯಿ ಕರಡಿಯನ್ನು ಕೆಣಕಿ, ಹೆದರಿ, ನಿಮ್ಮ ಹತ್ತಿರವೇ ಓಡಿ ಬರುತ್ತದೆ. ಹಿಂದೆ ಕರಡಿ ಬರುತ್ತದೆ.

ಮುಧೋಳ ನಾಯಿ ವಿಷಯಕ್ಕೆ ಬಂದರೆ, ಅದು ಒಳ್ಳೆಯ ನಾಯಿ. ನಮ್ಮ ಬಿಸಿಲಿಗೆ ಒಗ್ಗಿದ ಮೈ. ಆದರೆ ಅದು ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವ ಬೇಟೆ ನಾಯಿ. ನಿಮ್ಮ ಕಡೆಯೇ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. ಕೃಷ್ಣಮೃಗಗಳು ಸುತ್ತಲಿನ ಹೊಲಗಳಲ್ಲೂ ಮೇಯುತ್ತವೆ. ಅಂಥ ಜಾಗದಲ್ಲಿ ಮುಧೋಳವನ್ನು ಬಿಟ್ಟು ಸಾಕುವುದು ದೊಡ್ಡ ತಪ್ಪಾಗುತ್ತದೆ, ಕಾನೂನಿನ ತೊಂದರೆಯೂ ಬರುತ್ತದೆ. ಕೆಂಚನಿಗೂ ಇದೇ ಮಾತು. ಕೃಷ್ಣಮೃಗವನ್ನು ಅಟ್ಟಲು ಬಿಡಬೇಡಿ. ಪಕ್ಕದವರ ಕುರಿಯನ್ನಂತೂ ಮುಟ್ಟಲೇಬಾರದು. ಒಂದು ಕುರಿ ಸತ್ತರೆ ಊರಿನ ಜೊತೆಗಿನ ನಿಮ್ಮ ಸಂಬಂಧವೂ ಅಲ್ಲಿಗೆ ಮುಗಿಯುತ್ತದೆ. ಕಷ್ಟ ಬಂದ ರಾತ್ರಿ ನೀವು ಬಾಗಿಲು ತಟ್ಟಬೇಕಾದದ್ದು ಅದೇ ಊರವರದ್ದು.

ಕೃಷಿ ಹೊಂಡದ ಬಗ್ಗೆ ಬೇಡಿಕೊಂಡು ಹೇಳುತ್ತೇನೆ. ಲ್ಯಾಬ್ರಡಾರ್‌ಗೆ ನೀರು ಕಂಡರೆ ಪ್ರಾಣ. ಈಜು ಚೆನ್ನಾಗಿ ಬರುತ್ತದೆ ಅಂತ ಮಾಲೀಕರು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಇಳಿಜಾರು, ಪಾಚಿ ಕಟ್ಟಿದರೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಇಳಿದ ನಾಯಿಗೆ ಮೇಲೆ ಬರಲು ಉಗುರು ಊರಲು ಜಾಗವಿಲ್ಲ. ಈಜಿ ಈಜಿ ಸುಸ್ತಾಗಿ ಮುಳುಗುತ್ತದೆ. ಕರು, ಕುರಿ, ಮಕ್ಕಳಿಗೂ ಇದೇ ಅಪಾಯ. ಕೆಂಚ ಅಲ್ಲಿಗೆ ಕಾಲಿಡುವ ಮುಂಚೆ ಸುತ್ತ ಬೇಲಿ ಆಗಿರಬೇಕು, ಗೇಟಿಗೆ ಚಿಲಕ ಇರಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ. ನಾಲ್ಕೂ ಬದಿಯಲ್ಲಿ ಅಂಚಿನಿಂದ ನೀರಿನೊಳಕ್ಕೆ ಇಳಿಯುವ ಹಾಗೆ ತೆಂಗಿನ ನಾರಿನ ಬಲೆಯನ್ನೋ, ಹಗ್ಗದಲ್ಲಿ ಸಾಲಾಗಿ ಕಟ್ಟಿದ ಹಳೇ ಟೈರುಗಳನ್ನೋ ಇಳಿಬಿಡಿ. ಬಿದ್ದವರಿಗೆ ಹತ್ತಲು ಏಣಿ ಆಗುತ್ತದೆ. ದೋಣಿಯ ನಾಯಿಗೆ ಹಾಕುವ ಹಿಡಿಯ ಲೈಫ್ ಜಾಕೆಟ್ ಅಂದೆನಲ್ಲ, ಹೊಂಡದಲ್ಲಿ ಅವನನ್ನು ಈಜಿಸುವ ಆಸೆ ಇದ್ದರೆ ಅದನ್ನು ಹಾಕಿಯೇ ಈಜಿಸಿ. ಹೊಲದಲ್ಲಿ ಕಟ್ಟೆ ಇಲ್ಲದ ಹಳೇ ತೆರೆದ ಬಾವಿ ಇದ್ದರೆ ಅದನ್ನೂ ಮುಚ್ಚಿಸಿ.

ಇನ್ನು ವಿಷ. ಪೇಟೆಯಿಂದ ಬಂದವರಿಗೆ ಇದು ಹೊಳೆಯುವುದೇ ಇಲ್ಲ. ಬೆಳೆಗೆ ಸೈನಿಕ ಹುಳ ಬಿದ್ದಾಗ ರೈತರು ತೌಡು, ಬೆಲ್ಲಕ್ಕೆ ಕೀಟನಾಶಕ ಕಲಸಿ ಹೊಲದಲ್ಲಿ ಎರಚುತ್ತಾರೆ. ವಿಷ ಪಾಷಾಣ ಅನ್ನುತ್ತಾರೆ. ಬೆಲ್ಲದ ವಾಸನೆಗೆ ನಾಯಿ ತಿನ್ನುತ್ತದೆ. ಜೊಲ್ಲು ಸುರಿಯುವುದು, ನಡುಕ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಭೇದಿ, ಆಮೇಲೆ ಉಸಿರು ಕಟ್ಟುವುದು ಇವು ವಿಷ ಏರಿದ ಗುರುತು. ಇದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ, ಬೇಗ ಬಂದರೆ ಉಳಿಸಬಹುದು. ಹಳ್ಳಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಅನ್ನುತ್ತಾರೆ. ದಯವಿಟ್ಟು ಮಾಡಬೇಡಿ. ಉಪ್ಪೇ ನಾಯಿಯ ಮಿದುಳಿಗೆ ವಿಷವಾಗುತ್ತದೆ, ನಡುಗುತ್ತಿರುವ ನಾಯಿಗೆ ಏನು ಕುಡಿಸಿದರೂ ಶ್ವಾಸಕೋಶಕ್ಕೆ ಹೋಗಬಹುದು. ಕೀಟನಾಶಕದ ಬಾಟಲಿ ಅಥವಾ ಕವರ್ ಸಿಕ್ಕರೆ ಜೊತೆಗೆ ತನ್ನಿ. ಹೋದ ಮೊದಲ ವಾರವೇ ಅಕ್ಕಪಕ್ಕದ ಹೊಲದವರನ್ನು ಮಾತಾಡಿಸಿ, ಪಾಷಾಣ ಹಾಕುವ ದಿನ ಒಂದು ಮಾತು ಹೇಳಿ ಅಂತ ಕೇಳಿಕೊಳ್ಳಿ. ಹೇಳುತ್ತಾರೆ. ಕಾಡುಹಂದಿಗೆ ಇಡುವ ಸಿಡಿಮದ್ದು, ಉರುಳು ಕಾನೂನಿಗೆ ವಿರುದ್ಧ, ಆದರೂ ಕೆಲವು ಕಡೆ ಇಡುತ್ತಾರೆ. ಸಿಡಿಮದ್ದು ಕಚ್ಚಿದ ನಾಯಿಯ ದವಡೆ ಉಳಿಯುವುದಿಲ್ಲ. ಹಗ್ಗ ಬಿಡಬೇಡಿ ಅಂತ ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕೇ.

ಹಾವಿನ ಬಗ್ಗೆ ಇರುವಷ್ಟು ಕಟ್ಟುಕಥೆ ಇನ್ಯಾವುದರ ಬಗ್ಗೆಯೂ ಇಲ್ಲ. ನಾಯಿಗೆ ಹಾವಿನ ವಿಷ ಏರಲ್ಲ, ಗರಿಕೆ ತಿಂದು ಕಕ್ಕಿಬಿಡುತ್ತೆ ಅನ್ನುತ್ತಾರೆ. ವಿಷ ಹೋಗುವುದು ರಕ್ತಕ್ಕೆ, ಹೊಟ್ಟೆಗಲ್ಲ. ಕಕ್ಕಿದರೆ ಹೊರಗೆ ಬರುವುದು ಗರಿಕೆ ಮಾತ್ರ. ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕೂ ನಮ್ಮ ಕಡೆ ಇವೆ. ನಾಯಿ ಮೂತಿ ತೂರಿಸಿ ನೋಡುವುದರಿಂದ ಕಚ್ಚು ಬೀಳುವುದು ಮುಖಕ್ಕೆ, ಮುಂಗಾಲಿಗೆ. ಮಂಡಲದ ಜಾತಿಯದಾದರೆ ಊತ, ರಕ್ತ ಸೋರಿಕೆ. ನಾಗರ, ಕಟ್ಟುಹಾವಾದರೆ ರೆಪ್ಪೆ ಜೋತುಬಿದ್ದು, ಕೈಕಾಲು ಸೋತು, ಉಸಿರು ನಿಲ್ಲುತ್ತದೆ. ಮನುಷ್ಯರಿಗೆ ಕೊಡುವ ವಿಷಹರ ಇಂಜೆಕ್ಷನ್ನೇ ನಾಯಿಗೂ ಕೊಡುವುದು, ಈ ನಾಲ್ಕಕ್ಕೂ ಅದೇ. ದಾರ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬೇರು ಅರೆದು ಹಚ್ಚುವುದು ಇವೆಲ್ಲ ಸಮಯ ತಿನ್ನುತ್ತವೆ. ನಾಯಿಯನ್ನು ನಡೆಸದೆ, ಕಂಬಳಿಯಲ್ಲಿ ಮಲಗಿಸಿ ಎತ್ತಿಕೊಂಡು ಹೊರಡಿ.

ಎಲ್ಲಿಗೆ ಹೊರಡಬೇಕು? ಇದನ್ನು ಆ ರಾತ್ರಿ ಯೋಚಿಸಬಾರದು. ಈಗಲೇ ಮಧುಗಿರಿ, ಗೌರಿಬಿದನೂರು, ತುಮಕೂರು ಮೂರೂ ಕಡೆ ವಿಚಾರಿಸಿ. ಹಾವಿನ ವಿಷಹರ ಯಾರ ಬಳಿ ಸದಾ ಇರುತ್ತದೆ, ರಾತ್ರಿ ಫೋನ್ ಎತ್ತುವವರು ಯಾರು ಅಂತ ಕೇಳಿ ಗೋಡೆ ಮೇಲೆ ಬರೆದಿಡಿ. ಎಲ್ಲಾ ಪಶು ಆಸ್ಪತ್ರೆಯಲ್ಲೂ ಆ ಔಷಧಿ ಇರುತ್ತದೆ ಅಂತ ಅಂದುಕೊಳ್ಳಬೇಡಿ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದವರು ಸಿಗುತ್ತಾರೆ. ಆದರೆ ಅದು ಮುಖ್ಯವಾಗಿ ದನಕರು, ಕುರಿಮೇಕೆಗೆ ಇರುವ ಸೇವೆ, ರಾತ್ರಿಗೆ ಅದನ್ನೇ ನೆಚ್ಚಿಕೊಳ್ಳಬೇಡಿ. ದೊಡ್ಡ ಕೇಸಾದರೆ ಕೊನೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದ್ದೇ ಇದೆ. ಕಾರಿನಲ್ಲಿ ಯಾವಾಗಲೂ ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ. ಮನೆಯಲ್ಲಿ ಥರ್ಮಾಮೀಟರ್, ನೋವಿನಲ್ಲಿ ಕಚ್ಚದ ಹಾಗೆ ಮೂತಿಗೆ ಕಟ್ಟುವ ಬಾಯಿಪಟ್ಟಿ, ಗಾಜ್ ಬಟ್ಟೆ, ಅಯೋಡಿನ್ ದ್ರಾವಣ, ಉಣ್ಣಿ ಕೀಳುವ ಚಿಮಟ ಇರಲಿ. ನೋವಾಗಿದೆ ಅಂತ ನಿಮ್ಮ ಡಬ್ಬಿಯ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಕಕ್ಕಿಸುತ್ತವೆ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಹಳ್ಳಿ ನಾಯಿಗಳು ಲಸಿಕೆ ಇಲ್ಲದೆ ಗಟ್ಟಿಯಾಗಿರುವ ಹಾಗೆ ಕಾಣುತ್ತವೆ, ನಿಜ. ಏಕೆಂದರೆ ನಮಗೆ ಕಾಣುವುದು ಉಳಿದ ನಾಯಿಗಳು ಮಾತ್ರ. ಮರಿಯಲ್ಲೇ ಪಾರ್ವೊ, ಡಿಸ್ಟೆಂಪರ್ ಅನ್ನುವ ವೈರಸ್ ರೋಗಗಳಿಗೆ ಸತ್ತವು ಲೆಕ್ಕಕ್ಕೆ ಸಿಗುವುದಿಲ್ಲ. ಹೊಲದಲ್ಲಿ ಲಸಿಕೆಯ ಅಗತ್ಯ ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಬೀದಿನಾಯಿ, ನರಿ, ಮುಂಗುಸಿ ಯಾವುದು ಕಚ್ಚಿದರೂ ರೇಬೀಸ್ ಬರಬಹುದು, ಒಮ್ಮೆ ಲಕ್ಷಣ ಕಂಡರೆ ನಾಯಿಗೂ ಮನುಷ್ಯರಿಗೂ ಔಷಧಿಯಿಲ್ಲ. ಇಲಿ ಉಚ್ಚೆಯಿಂದ ಬರುವ ಇಲಿ ಜ್ವರ ನಾಯಿಯಿಂದ ನಿಮಗೂ ದಾಟುತ್ತದೆ. ರೇಬೀಸ್ ಮತ್ತು ಇಲಿ ಜ್ವರದ ಲಸಿಕೆ ವರ್ಷಕ್ಕೊಮ್ಮೆ ತಪ್ಪಬಾರದು. ಜಂತುಹುಳದ ಮಾತ್ರೆ ಮೂರು ತಿಂಗಳಿಗೊಮ್ಮೆ. ಕುರಿ ಕೊಯ್ದವರು ಎಸೆದ ಹಸಿ ಈಲಿ, ಕರುಳು ತಿನ್ನಲು ಬಿಡಬೇಡಿ. ಅದರಿಂದ ನಾಯಿಗೆ ಬರುವ ಹುಳು ಮನುಷ್ಯರ ಈಲಿಯಲ್ಲಿ ಗಡ್ಡೆ ಕಟ್ಟುತ್ತದೆ.

ಉಣ್ಣಿಯ ಬಗ್ಗೆ ಯಾರೂ ನಿಮ್ಮನ್ನು ಹೆದರಿಸಿಲ್ಲ. ನಾನು ಹೆದರಿಸಬೇಕಾಗಿದೆ. ನಮ್ಮ ಕಡೆ ನನ್ನ ಮೇಜಿನ ಮೇಲೆ ಬರುವ ಜ್ವರದ ನಾಯಿಗಳಲ್ಲಿ ಉಣ್ಣಿ ಜ್ವರದ್ದೇ ದೊಡ್ಡ ಪಾಲು. ಊಟ ಬಿಡುವುದು, ಮಂಕಾಗುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಉಚ್ಚೆ ಇವು ಗುರುತು. ಬೇಗ ಬಂದರೆ ಮಾತ್ರೆಯಲ್ಲೇ ವಾಸಿ, ತಡವಾದ ಕೆಲವು ನಾಯಿಗಳಿಗೆ ರಕ್ತ ಏರಿಸಬೇಕಾಗುತ್ತದೆ. ಮೈಮೇಲೆ ಕಾಣುವ ಉಣ್ಣಿ ಸ್ವಲ್ಪ, ಮಿಕ್ಕಿದ್ದೆಲ್ಲ ಗೋಡೆಯ ಬಿರುಕಿನಲ್ಲಿ, ಹಾಸಿಗೆ ಕೆಳಗೆ ಮೊಟ್ಟೆ ಇಟ್ಟು ಕೂತಿರುತ್ತದೆ. ಬಿರುಕು ಮುಚ್ಚಿ, ಸುಣ್ಣ ಬಳಿಸಿ. ದನಕ್ಕೆ ಹೊಡೆಯುವ ಉಣ್ಣಿ ಔಷಧಿಯನ್ನು ಅಂದಾಜಿನಲ್ಲಿ ಕಲಸಿ ನಾಯಿಗೆ ಬಳಿಯುವುದು, ಸೀಮೆಎಣ್ಣೆ ಹಚ್ಚುವುದು ಬೇಡ, ನಾಯಿ ನೆಕ್ಕುತ್ತದೆ. ಬೇವಿನ ಎಣ್ಣೆ ಕೆಟ್ಟದ್ದೇನಲ್ಲ, ಆದರೆ ಸಾಲುವುದಿಲ್ಲ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಗಳಿವೆ, ದುಬಾರಿ. ಆದರೂ ಹೊಲದ ಮನೆಯ ಖರ್ಚಿನಲ್ಲಿ ಇದನ್ನು ಕಡಿತ ಮಾಡಬೇಡಿ. ಕೆಂಚನಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮಾತ್ರೆ ಬರೆಸುವಾಗ ಹೇಳಿ.

ನೀರು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ನಮ್ಮ ಬಯಲುಸೀಮೆಯ ಹಳೇ ಶಾಪ. ಪಾವಗಡ, ಆಚೆ ಬಾಗೇಪಲ್ಲಿ ಎಲ್ಲ ಕಡೆ ಇದೇ ಗೋಳು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಸರಿಹೋಗುತ್ತೆ ಅನ್ನುವವರಿದ್ದಾರೆ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಮೊದಲು ನೀರು ಪರೀಕ್ಷೆ ಮಾಡಿಸಿ. ನೀವು ಕುಡಿಯದ ನೀರನ್ನು ನಾಯಿಗೂ ಇಡಬೇಡಿ, ಅದರ ಮೂಳೆಗೂ ಅದೇ ಗತಿ. ಮಳೆ ನೀರಿನಲ್ಲಿ ಈ ತೊಂದರೆಯಿಲ್ಲ. ಸಾವಿರ ಚದರಡಿ ಶೀಟಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾಗುವುದು ಕಳೆದು ಸುಮಾರು 45 ಸಾವಿರ ಲೀಟರ್ ಹಿಡಿಯಬಹುದು. ಕುಡಿಯಲು, ಅಡುಗೆಗೆ ನಿಮ್ಮಿಬ್ಬರಿಗೂ ಕೆಂಚನಿಗೂ ದಿನಕ್ಕೆ 20 ಲೀಟರ್ ಅಂತ ಇಟ್ಟುಕೊಂಡರೆ ಮಳೆಯಿಲ್ಲದ 200 ದಿನಕ್ಕೆ ನಾಲ್ಕು ಸಾವಿರ ಲೀಟರ್ ಸಾಕು. ಹತ್ತು ಸಾವಿರ ಲೀಟರಿನ ಮುಚ್ಚಿದ ತೊಟ್ಟಿ ಕಟ್ಟಿಸಿದರೆ ಮಳೆ ಕೈಕೊಟ್ಟ ವರ್ಷಕ್ಕೂ ಆಗುತ್ತದೆ. ಕೆಂಚನೊಬ್ಬನಿಗೆ ದಿನಕ್ಕೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರಕ್ಕೂ ಹೋಗಬಹುದು.

ಊಟಕ್ಕೆ ಮುದ್ದೆ ಹಾಕಬಹುದು, ಆದರೆ ಜೊತೆಗೆ ಮೊಟ್ಟೆಯೋ ಕೋಳಿಯೋ ಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ದ್ರಾಕ್ಷಿ ತೋಟದ ಕಡೆ ಬಿಡಬೇಡಿ, ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ.

ನಿಮ್ಮ ಮುಂದೆ ಇರುವ ದಾರಿಗಳನ್ನು ಹೀಗೆ ನೋಡಿ. ಅತ್ತೆಯವರ ಬಳಿ ಪೂರ್ತಿ ಬಿಟ್ಟರೆ ಚಿರತೆ, ಹಾವಿನ ಭಯವಿಲ್ಲ. ಆದರೆ ಆರು ವರ್ಷದ ನಾಯಿ ನಿಮ್ಮನ್ನು ಹುಡುಕುತ್ತಾ ಊಟ ಬಿಡಬಹುದು, ವಯಸ್ಸಾದವರಿಗೆ 38 ಕಿಲೋ ನಾಯಿಯ ಹಗ್ಗ ಹಿಡಿಯುವುದೂ ಕಷ್ಟ. ಯುಗಾದಿಗೇ ಹೋದರೆ ನಿಮ್ಮ ಆಸೆ ಬೇಗ ತೀರುತ್ತದೆ, ಅಪಾಯವೆಲ್ಲ ಅವನ ಮೇಲೆ. ನನ್ನ ಸಲಹೆ ಮಧ್ಯದ್ದು. ಯುಗಾದಿಗೆ ಬೇಕಾದರೆ ನಿಮ್ಮಲ್ಲೊಬ್ಬರು ಹೋಗಿ ಶೀಟು, ಬೇಲಿ, ತೊಟ್ಟಿಯ ಕೆಲಸ ಮುಗಿಸಿ. ಇನ್ನೊಬ್ಬರು ಕೆಂಚನ ಜೊತೆ ಬೆಂಗಳೂರಿನಲ್ಲೇ ಇದ್ದು ತೂಕ ಇಳಿಸಿ, ಮ್ಯಾಟ್ ಕಲಿಸಿ. ಮಳೆಗಾಲದಲ್ಲಿ ಒಂದೆರಡು ಸಲ ಎರಡು ದಿನಕ್ಕೆ ಕರೆದುಕೊಂಡು ಹೋಗಿ ಜಾಗ ಪರಿಚಯ ಮಾಡಿಸಿ. ಮೊದಲ ಬೇಸಿಗೆಯಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಅವನು ಅತ್ತೆಯವರ ಮನೆಗೆ ಹೋಗುವ ದಾರಿ ತೆರೆದಿರಲಿ, ಆಗ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ ಇರಿ. ಆ ಬೇಸಿಗೆ ಹೇಗೆ ಕಳೆಯುತ್ತಾನೆ ಅನ್ನುವುದನ್ನು ನೋಡಿ ಮುಂದಿನದು ತೀರ್ಮಾನ ಮಾಡಿ. ಹತ್ತು ವರ್ಷ ದಾಟಿದ ಮೇಲೆ, ಅಥವಾ ಹೃದಯದ, ಮೂಳೆಯ ತೊಂದರೆ ಬಂದರೆ ಲೆಕ್ಕ ಬದಲಾಗುತ್ತದೆ. ಆಗ ಆಸ್ಪತ್ರೆಗೆ ಹತ್ತಿರ ಇರಬೇಕಾಗುತ್ತದೆ. ಅದನ್ನು ಈಗಲೇ ಇಬ್ಬರೂ ಮಾತಾಡಿಕೊಳ್ಳಿ.

ಹೊರಡುವ ತಿಂಗಳು ಮುಂಚೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಲಸಿಕೆ ಮುಗಿಸಿ, ಮೈಕ್ರೋಚಿಪ್ ಹಾಕಿಸಿ. ಕೊರಳಪಟ್ಟಿಗೆ ಇಬ್ಬರ ಫೋನ್ ನಂಬರೂ ಕೆತ್ತಿಸಿ. ಪಟಾಕಿ ಹೊಡೆಯುವ ದಿನಗಳು ಪೂರ್ತಿ ಮುಗಿಯುವವರೆಗೂ ಹೊಸ ಜಾಗಕ್ಕೆ ಕರೆದುಕೊಂಡು ಹೋಗಬೇಡಿ. ಸದ್ದಿಗೆ ಹೆದರಿ ಓಡಿದ ನಾಯಿಗೆ ಅಲ್ಲಿ ವಾಪಸ್ ಬರುವ ದಾರಿ ಗೊತ್ತಿರುವುದಿಲ್ಲ. ಅಕ್ಟೋಬರ್‌ನಲ್ಲಿ ಅವನ ತೂಕ ಎಷ್ಟಾಯಿತು ಅಂತ ನನಗೆ ಬರೆಯಿರಿ.